ಬಾಂಬ್ ಎಲ್ಲಿ ಅಂತ ಕೇಳಿದವರಿಗೆ

ಕಳೆದ ಭಾನುವಾರ ಸಂಜೆ ಚೆಂಬೂರಿನ ಗೆಳತಿಯ ಮನೆ ಹಾಲ್‌ನಲ್ಲಿ ನಾವು ಹನ್ನೊಂದು ಮಂದಿ ಕೂತು 'ಟೆಸ್ಟಮೆಂಟ್' ನೋಡಿದೆವು. ಅಣುಬಾಂಬ್ ಬಿದ್ದ ಮೇಲೆ ಒಂದು ಕುಟುಂಬಕ್ಕೆ ಏನಾಗತ್ತೆ ಅಂತ ಹೇಳುವ, 1983ರ ಅಮೆರಿಕನ್ ಸಿನಿಮಾ. ಸಿನಿಮಾ ಮುಗಿದು ಲೈಟ್ ಹಾಕಿದ ಕೂಡಲೇ ಒಬ್ಬ ಹುಡುಗ, "ಅಷ್ಟೇನಾ ಆಂಟಿ? ಬಾಂಬನ್ನೇ ತೋರಿಸ್ಲಿಲ್ವಲ್ಲ!" ಅಂದ. ಇನ್ನೊಬ್ಬರು, "ದುಡ್ಡಿರ್ಲಿಲ್ಲ ಅಂತ ಕಾಣತ್ತೆ, ಎಲ್ಲಾ ಒಂದೇ ಮನೇಲಿ ಮುಗಿಸಿದಾರೆ" ಅಂದರು. ನನಗೆ ಗಂಟಲು ಕಟ್ಟಿತ್ತು, ಅಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೇನೆ.

ದುಡ್ಡಿರಲಿಲ್ಲ ಅನ್ನೋದು ನಿಜ. ನಿರ್ದೇಶಕಿ ಲಿನ್ ಲಿಟ್ಮನ್ ಇದನ್ನು ಅಲ್ಲಿನ ಸಾರ್ವಜನಿಕ ಟಿವಿಗೆ ಅಂತ ಮಾಡಿದ್ದು, ಥಿಯೇಟರಿಗೆ ಬಂದದ್ದು ಆಮೇಲೆ. ಅದೇ ನವೆಂಬರ್‌ನಲ್ಲಿ ಅಮೆರಿಕದ ಇನ್ನೊಂದು ಟಿವಿ ಚಿತ್ರದಲ್ಲಿ ಊರಿಗೆ ಊರೇ ಉರಿದು ಹೋಗೋದನ್ನು ಸುಮಾರು 10 ಕೋಟಿ ಜನ ನೋಡಿದರು. ಇದರಲ್ಲಿ ಅಂಥದ್ದೇನೂ ಇಲ್ಲ. ಮಕ್ಕಳು ಟಿವಿ ಮುಂದೆ ಇರ್ತಾರೆ, ಕಾರ್ಯಕ್ರಮ ಅರ್ಧಕ್ಕೆ ನಿಲ್ಲತ್ತೆ, ಕಿಟಕಿ ತುಂಬ ಒಂದು ಬೆಳಕು. ಅಷ್ಟೇ. ಗೋಡೆ ಬೀಳಲ್ಲ, ಗಾಜು ಒಡೆಯಲ್ಲ. ಅಪ್ಪ ಸ್ಯಾನ್ ಫ್ರಾನ್ಸಿಸ್ಕೋಗೆ ಕೆಲಸಕ್ಕೆ ಹೋಗಿದ್ದಾನೆ. ಅಮ್ಮ ಮತ್ತು ಮೂರು ಮಕ್ಕಳು ಮನೆಯಲ್ಲಿ ಕಾಯ್ತಾರೆ.

ಕಾಯೋದು ಅಂದ್ರೆ ಏನು ಅಂತ ಮುಂಬೈಯವರಿಗೆ ಹೇಳಿಕೊಡಬೇಕಾ?

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ ಮಳೆ. ನಮ್ಮೆಜಮಾನರು ಅಂಧೇರಿಯ ಆಫೀಸಿನಿಂದ ಮಧ್ಯಾಹ್ನ ಎರಡೂವರೆಗೆ ಫೋನ್ ಮಾಡಿ "ಹೊರಡ್ತಾ ಇದೀನಿ" ಅಂದರು. ಆಮೇಲೆ ಮೊಬೈಲ್ ಸತ್ತಿತು, ಲೋಕಲ್ ನಿಂತಿತು, ಸಂಜೆಗೆ ಕರೆಂಟೂ ಹೋಯಿತು. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಮೂರನೇ ಮಹಡಿಯ ಮನೆ. ಮೇಣದಬತ್ತಿ ಹಚ್ಚಿಟ್ಟು ಬಾಗಿಲ ಹತ್ತಿರ ಕೂತು ರಾತ್ರಿಯಿಡೀ ಲೆಕ್ಕ ಹಾಕಿದೆ: ಈಗ ಮರೋಳ್ ದಾಟಿರ್ತಾರೆ, ಈಗ ಸಾಕಿನಾಕಾ, ಈಗ ಕುರ್ಲಾ. ಕುರ್ಲಾದಲ್ಲಿ ಮೀಠಿ ನದಿ ಉಕ್ಕಿದೆ ಅಂತ ಪಕ್ಕದ ಮನೆಯವರ ಟ್ರಾನ್ಸಿಸ್ಟರ್ ಹೇಳಿತು. ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಉಸಿರು ಹಿಡೀತಿದ್ದೆ. ಸದ್ದು ಎರಡನೇ ಮಹಡಿಯಲ್ಲಿ ನಿಲ್ಲೋದು, ಬೇರೆ ಯಾರದೋ ಬಾಗಿಲು ತೆರೆಯೋದು, ಅಲ್ಲಿ ಅಳು-ನಗು ಎಲ್ಲ ಒಟ್ಟಿಗೆ ಕೇಳೋದು. ಇವರು ಬಂದದ್ದು ಮರುದಿನ ಮಧ್ಯಾಹ್ನ ನಾಲ್ಕಕ್ಕೆ. ತೊಡೆಯವರೆಗೆ ಕೆಸರು, ಕೈಯಲ್ಲಿ ಒಂದೇ ಚಪ್ಪಲಿ. ಅದನ್ನು ಯಾಕೆ ಹಿಡಕೊಂಡು ಬಂದರೋ, ಅವರಿಗೇ ಗೊತ್ತಿರಲಿಲ್ಲ.

ಸಿನಿಮಾದಲ್ಲೂ ಗಂಡನ ದನಿ ಮನೆಯಲ್ಲಿದೆ, ಸಂದೇಶ ಹಿಡಿದಿಡುವ ಫೋನಿನಲ್ಲಿ. ಬರ್ತಾ ಇದೀನಿ ಅನ್ನುವ ಮಾತನ್ನೇ ನಂಬಿಕೊಂಡು ಅವಳು ವಾರಗಟ್ಟಲೆ ಮನೆ ನಡೆಸ್ತಾಳೆ. ಆಮೇಲೊಂದು ದಿನ, ಕೇಳಿಸಿಕೊಳ್ಳದೇ ಉಳಿದಿದ್ದ ಇನ್ನೊಂದು ಸಂದೇಶ ಸಿಗತ್ತೆ. ಅವನು ಕೆಲಸ ಇದೆ ಅಂತ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಉಳಿದಿದ್ದ. ಹೊರಟೇ ಇರಲಿಲ್ಲ. ಜೇನ್ ಅಲೆಕ್ಸಾಂಡರ್ ಅವರಿಗೆ ಈ ತಾಯಿಯ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಆಗಿತ್ತು. ಕೋಟಿ ಕೋಟಿ ಸುರಿದು ಒಂದು ನಗರವನ್ನೇ ಉಡಾಯಿಸಿದ್ರೂ, ಅದನ್ನು ಕೇಳುವಾಗ ಅವರ ಮುಖದಲ್ಲಿ ಕಂಡದ್ದು ನನಗೆ ಅಲ್ಲಿ ಕಾಣ್ತಿರಲಿಲ್ಲ.

ನಮ್ಮ ಜೊತೆ ಕೂತಿದ್ದ ಹಿರಿಯರೊಬ್ಬರು ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. 1956ರಲ್ಲಿ ಅಪ್ಸರಾ ಅಣು ರಿಯಾಕ್ಟರ್ ಶುರುವಾದ ಜಾಗ ಅದು, ಇಲ್ಲಿಂದ ಹತ್ತಿರವೇ. ಅವರ ಆಕ್ಷೇಪಣೆ ಮಾತ್ರ ತೂಕದ್ದು. "ಆ ರಾತ್ರೀನೇ ಊರವರೆಲ್ಲ ಚರ್ಚಿಗೆ ಬಂದು ಸೇರ್ತಾರಲ್ಲ, ಅದೇ ದೊಡ್ಡ ತಪ್ಪು" ಅಂದರು. ಸ್ಫೋಟದ ಬೂದಿಯ ವಿಕಿರಣ ಮೊದಲ ಗಂಟೆಯಲ್ಲಿ ಎಷ್ಟಿರತ್ತೋ, ಏಳು ಗಂಟೆ ಕಳೆಯೋ ಹೊತ್ತಿಗೆ ಅದರ ಹತ್ತನೇ ಒಂದು ಪಾಲಿಗೆ ಇಳಿಯತ್ತಂತೆ, ಎರಡು ದಿನಕ್ಕೆ ನೂರನೇ ಒಂದು, ಎರಡು ವಾರಕ್ಕೆ ಸಾವಿರನೇ ಒಂದು. ಹಾಗಾಗಿ ಮೊದಲ ಒಂದೆರಡು ದಿನ ಕಿಟಕಿ ಬಾಗಿಲು ಮುಚ್ಚಿ ಮನೆಯ ನಡುಕೋಣೆಯಲ್ಲಿ ಕೂತಿದ್ದರೆ ಎಷ್ಟೋ ಜನ ಬದುಕ್ತಿದ್ದರು. ಕಾಯಿಲೆಯನ್ನೂ ಮೆತ್ತಗೆ ತೋರಿಸಿದ್ದಾರೆ, ಹಿರೋಶಿಮಾದವರ ಕೂದಲು ಹಿಡಿಹಿಡಿಯಾಗಿ ಉದುರಿತ್ತು ಅಂದರು. ಎರಡನ್ನೂ ಒಪ್ಪಿದೆ. ಆದರೆ ಏನಾಯ್ತು ಅಂತಲೇ ಗೊತ್ತಿಲ್ಲದ ಜನ ಆ ರಾತ್ರಿ ಇನ್ನೆಲ್ಲಿಗೆ ಹೋಗ್ತಾರೆ? ನಮ್ಮ ಬಿಲ್ಡಿಂಗಿನವರೂ ಕೆಳಗಿಳಿದು ಗಣಪತಿ ಮಂಟಪದ ಹತ್ತಿರವೇ ಸೇರ್ತೇವೆ.

ಕಾಣದ್ದು ಕೊಲ್ಲತ್ತೆ ಅಂತ ನಂಬೋದೇ ಮನುಷ್ಯನಿಗೆ ಕಷ್ಟ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಗುಜರಿಗೆ ಬಂದ ಹಳೇ ಯಂತ್ರವನ್ನು ಬಿಚ್ಚಿದರು. ಒಳಗೆ ವಿಕಿರಣ ಸೂಸುವ ಕೋಬಾಲ್ಟ್-60 ಇತ್ತು. ಬಿಸಿ ಇಲ್ಲ, ವಾಸನೆ ಇಲ್ಲ. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಅಂಥ ಸಾವನ್ನು ಬೆಂಕಿಯ ಉಂಡೆ ತೋರಿಸಿ ಹೇಳೋದು ಹೇಗೆ? ಈ ಸಿನಿಮಾ ಅದನ್ನು ಹೊದಿಕೆಯಲ್ಲಿ ಹೇಳತ್ತೆ. ಚಿಕ್ಕವನನ್ನು ಹಿತ್ತಲಲ್ಲಿ ಹೂಳುವ ಹೊತ್ತಿಗೆ ಅವನ ಕರಡಿಗೊಂಬೆ ಸಿಗ್ತಿಲ್ಲ ಅಂತ ತಾಯಿ ಹುಚ್ಚು ಹಿಡಿದವಳ ಹಾಗೆ ಹುಡುಕ್ತಾಳೆ. ಮಗಳು ಹೋದಾಗ ಹಾಸಿಗೆಯ ಬೆಡ್‌ಶೀಟನ್ನೇ ಕೂತು ಹೊಲೀತಾಳೆ. ಸೂಜಿ, ದಾರ, ಬಿಳಿ ಬಟ್ಟೆ. ನನಗೆ ಇನ್ನೇನೂ ಬೇಕಿರಲಿಲ್ಲ.

ನನ್ನ ಊರು ಅಂಕೋಲಾ ಕಡೆ. 1989ರಲ್ಲಿ ಶಿವರಾಮ ಕಾರಂತರು 87ನೇ ವಯಸ್ಸಿನಲ್ಲಿ ನಮ್ಮ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತಾಗ ನನಗೆ ಹದಿನಾರು. ಕೈಗಾ ಅಣುವಿದ್ಯುತ್ ಸ್ಥಾವರ ಬೇಡ ಅಂತ ಅವರು ಹೇಳುವಾಗ ನಮ್ಮ ಮನೆಯ ಜಗುಲಿಯಲ್ಲೇ ದೊಡ್ಡವರು, "ಹೊಗೆ ಇಲ್ಲ, ಸದ್ದಿಲ್ಲ, ಎಂತದಕ್ಕೆ ಹೆದರೂದು?" ಅಂದದ್ದು ನೆನಪಿದೆ. ಕಾರಂತರು ಸೋತರು. ವಿದ್ಯುತ್ ಸ್ಥಾವರವೂ ಬಾಂಬೂ ಒಂದಲ್ಲ, ಅದು ಗೊತ್ತು. ಅವತ್ತಿನ ವಾದವನ್ನು ಮತ್ತೆ ಇಲ್ಲಿ ತೆಗೆಯಲ್ಲ. ಆದರೆ "ಬಾಂಬ್ ಎಲ್ಲಿ?" ಅಂತ ಆ ಹುಡುಗ ಕೇಳಿದಾಗ ನನಗೆ ಕೇಳಿಸಿದ್ದು ಆ ಜಗುಲಿಯ ಮಾತೇ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಕಣ್ಣಿಗೆ ಹೊಡೆಯುವಂಥದ್ದನ್ನೇ ನೋಡಿ ಬೆಳೆದವನು. ಆದರೆ ಇನ್ನೊಮ್ಮೆ ನೋಡು ಮಗಾ, ಫೋನ್ ಪಕ್ಕಕ್ಕಿಟ್ಟು ನೋಡು. ಆ ಮನೆಯಲ್ಲಿ ದಿನದಿಂದ ದಿನಕ್ಕೆ ಏನೇನು ಕಡಿಮೆ ಆಗ್ತಾ ಹೋಗತ್ತೆ ಅಂತ ಗಮನಿಸು.

ಎರಡನೇ ಸಂದೇಶದ ದೃಶ್ಯ ಬಂದಾಗ ನನ್ನ ಮಗಳು ಸೋಫಾದಿಂದ ಇಳಿದು ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಏನೂ ಮಾತಾಡಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ, "ಅಮ್ಮ, ಅವತ್ತು ಎರಡನೇ ಮಹಡಿಗೆ ಬಂದದ್ದು ಯಾರು?" ಅಂದಳು. ಅವಳು ನಿದ್ದೆ ಮಾಡಿದ್ದಾಳೆ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ.