ಪ್ರಿಮ್ ಸಾವು ವೇಸ್ಟ್ ಅನ್ನೋರಿಗೆ

(ಸ್ಪಾಯ್ಲರ್ ಇದೆ. ಹಂಗರ್ ಗೇಮ್ಸ್ ಮೂರನೇ ಪುಸ್ತಕ ಮಾಕಿಂಗ್‌ಜೇ ಇನ್ನೂ ಓದಿಲ್ಲ ಅನ್ನೋರು ಇಲ್ಲೇ ನಿಲ್ಸ್‌ಬಿಡಿ ಪ್ಲೀಸ್.)

ಮೊನ್ನೆ ರಾತ್ರಿ ಹನ್ನೊಂದೂವರೆ ಆಗಿತ್ತು, ಚಿಕ್ಕಮ್ಮನ ಮಗಳು ಫೋನ್ ಮಾಡಿದ್ಲು. ಸೆಕೆಂಡ್ ಪಿಯು ಹುಡುಗಿ, ಅವಳಿಗೆ ಈ ಸೀರೀಸ್ ಹಿಡಿಸಿದ್ದು ನಾನೇ. ಹಲೋ ಅಂದೆ, ಆ ಕಡೆಯಿಂದ ಮಾತೇ ಇಲ್ಲ, ಬರೀ ಮೂಗು ಎಳ್ಕೊಳ್ಳೋ ಸದ್ದು. ಆಮೇಲೆ "ಅಕ್ಕಾ, ಪ್ರಿಮ್‌ನ ಯಾಕಕ್ಕಾ ಸಾಯ್ಸಿದ್ರು" ಅಂದ್ಲು. ಪುಸ್ತಕ ಮುಚ್ಚಿಟ್‌ಬಿಟ್ಟಿದೀನಿ, ಇನ್ನ ಓದಲ್ಲ ಅಂದ್ಲು. ಅವಳನ್ನ ಸಮಾಧಾನ ಮಾಡಿ ಮಲಗಿಸಿ ನಾನು ಎದ್ದು ಕೂತೆ, ನಿದ್ದೆ ಬರ್ಲಿಲ್ಲ.

ಯಾಕಂದ್ರೆ ಇದೇ ಪ್ರಶ್ನೆ ಮೇಲೆ ನಾವು ಹಾಸ್ಟೆಲ್ ಫ್ರೆಂಡ್ಸ್ ಇವತ್ತಿಗೂ ಸಿಕ್ಕಿದಾಗೆಲ್ಲ ಜಗಳ ಆಡ್ತೀವಿ. ಮೊದಲ್ನೇ ಪುಸ್ತಕ 2008ರಲ್ಲಿ ಬಂತು, ಮಾಕಿಂಗ್‌ಜೇ 2010ರಲ್ಲಿ, ಅಲ್ಲಿಂದ ಇಲ್ಲಿವರೆಗೆ ಈ ವಾದ ಮುಗ್ದಿಲ್ಲ. ತುಂಬಾ ಜನ ಹೇಳೋದು ಒಂದೇ, ಕಥೆಯ ನಾಯಕಿ ಕ್ಯಾಟ್‌ನಿಸ್ ಆ ಆಟಕ್ಕೆ (ಚೀಟಿ ಎತ್ತಿ ಆರಿಸಿದ ಮಕ್ಕಳನ್ನ ಒಬ್ರನ್ನೊಬ್ರು ಕೊಲ್ಲೋಕೆ ಬಿಡೋ ಆಟ) ಹೋಗಿದ್ದೇ ಚೀಟೀಲಿ ಹೆಸರು ಬಂದ ತಂಗಿ ಪ್ರಿಮ್‌ನ ಉಳಿಸೋಕೆ, ಕೊನೇಗೆ ಆ ತಂಗಿನೇ ಸತ್ತೋದ್ರೆ ಇಷ್ಟೆಲ್ಲ ಯಾಕೆ ಬೇಕಿತ್ತು, ವೇಸ್ಟ್ ಅಲ್ವಾ ಅಂತ. ನಾನೂ ಮೊದಲ ಸಲ ಓದ್ದಾಗ ಹಂಗೇ ಅಂದ್ಕೊಂಡಿದ್ದೆ. ಈಗ ನಂಗೆ ಹಂಗನ್ಸಲ್ಲ.

ಮೊದಲ್ನೇ ಪುಸ್ತಕದ ಆ ಚೀಟಿ ಎತ್ತೋ ದಿನ ನೆನಪು ಮಾಡ್ಕೊಳ್ಳಿ. ಪ್ರಿಮ್‌ಗೆ 12 ವರ್ಷ, ಅವಳ ಹೆಸರಿನ ಚೀಟಿ ಇರೋದು ಒಂದೇ ಒಂದು. ಕ್ಯಾಟ್‌ನಿಸ್‌ದು 20, ಅವಳ ಜೊತೆ ಬೇಟೆಗೆ ಹೋಗೋ ಫ್ರೆಂಡ್ ಗೇಲ್‌ದು 42, ಯಾಕಂದ್ರೆ ಮನೇಗೆ ಧಾನ್ಯ ಎಣ್ಣೆ ಬೇಕು ಅಂತ ಎಕ್ಸ್‌ಟ್ರಾ ಚೀಟಿ ಹಾಕಿಸ್ಕೊಂಡಿರ್ತಾರೆ, ತಂಗಿಗೆ ಮಾತ್ರ ಅಕ್ಕ ಅದಕ್ಕೆ ಬಿಟ್ಟಿರಲ್ಲ. ಅವತ್ತು ಬೆಳಿಗ್ಗೆ ಅಕ್ಕನ ಹಳೇ ಬಟ್ಟೆ ಹಾಕ್ಕೊಂಡ ಪ್ರಿಮ್‌ನ ಬ್ಲೌಸು ಹಿಂದ್ಗಡೆ ಸ್ಕರ್ಟ್‌ನಿಂದ ಹೊರಗೆ ಬಂದಿರತ್ತೆ, ಬಾತುಕೋಳಿ ಬಾಲದ ಥರ. ಕ್ಯಾಟ್‌ನಿಸ್ ಅದನ್ನ ಒಳಗೆ ಸಿಕ್ಕಿಸಿ ಸರಿ ಮಾಡ್ತಾಳೆ. ಅದೇ ಬಾಲ ಮೂರನೇ ಪುಸ್ತಕದ ಕೊನೇಲಿ ಮತ್ತೆ ಬರತ್ತೆ. ಪ್ರೆಸಿಡೆಂಟ್ ಸ್ನೋ ಬಂಗ್ಲೆ ಮುಂದೆ ಮಕ್ಕಳ ಮೇಲೆ ಬಾಂಬ್ ಬಿದ್ದಿರತ್ತೆ, ಅವನ ವಿರುದ್ಧ ಯುದ್ಧಕ್ಕೆ ನಿಂತ ರೆಬೆಲ್‌ಗಳ ಕಡೆಯ ಮೆಡಿಕ್‌ಗಳು ಓಡಿ ಬರ್ತಾರೆ, ಅದರಲ್ಲೊಬ್ಬಳು ಅಳ್ತಿರೋ ಮಗುಗೆ ಹೊದಿಸೋಕೆ ಅಂತ ತನ್ನ ಕೋಟ್ ಬಿಚ್ತಾಳೆ, ಆವಾಗ ಹಿಂದ್ಗಡೆ ಶರ್ಟ್ ಹೊರಗೆ ಬಂದಿರೋದು ಕಾಣತ್ತೆ. ಕ್ಯಾಟ್‌ನಿಸ್ ಕೂಗ್ತಾಳೆ, ಅವಳು ತಿರುಗಿ ನೋಡ್ತಾಳೆ, ತುಟಿ ಅಕ್ಕನ ಹೆಸರು ಹೇಳತ್ತೆ, ಅಷ್ಟರಲ್ಲಿ ಉಳಿದ ಬಾಂಬ್‌ಗಳು ಸಿಡಿಯತ್ವೆ.

ಆ ಪೇಜ್ ಓದ್ವಾಗ ಎಲ್ಲರೂ ಕ್ಯಾಟ್‌ನಿಸ್ ಕಣ್ಣಿಂದ ನೋಡ್ತೀವಿ ಸರಿ, ಕಥೆ ಹೇಳೋಳು ಅವಳೇ. ಆದ್ರೆ ಒಂದ್ಸಲ ಪ್ರಿಮ್ ಕಡೆಯಿಂದ ನೋಡಿ. ಆ ಹುಡುಗಿ ಅಲ್ಲಿ ಏನ್ ಮಾಡ್ತಿದ್ಲು? ತನ್ನ ಕೆಲಸ ಮಾಡ್ತಿದ್ಲು. ಚಿಕ್ಕೋಳಿದ್ದಾಗ್ಲೇ ಮನೇಗೆ ಪೇಷೆಂಟ್ ಬಂದ್ರೆ ಕ್ಯಾಟ್‌ನಿಸ್ ಕಾಡಿಗೆ ಓಡೋಗೋಳು, ಪ್ರಿಮ್ ಅಮ್ಮನ ಪಕ್ಕ ನಿಂತು ಕೈ ಜೋಡಿಸೋಳು. ರೆಬೆಲ್‌ಗಳ ನೆಲೆಯಾದ ಡಿಸ್ಟ್ರಿಕ್ಟ್ 13ಗೆ ಹೋದ್ಮೇಲೆ ಅವಳನ್ನ ಡಾಕ್ಟರ್ ಮಾಡ್ತೀವಿ ಅಂತ ಟ್ರೇನಿಂಗ್ ಕೊಡ್ತಿರ್ತಾರೆ. ನೀನು ಅವರಿಗೆ ಎಷ್ಟು ಬೇಕಾದೋಳು ಅಂತ ನಿಂಗೇ ಗೊತ್ತಿಲ್ಲ, ನಿನ್ನ ಜೊತೆ ಆಟಕ್ಕೆ ಹೋಗಿದ್ದ ಪೀಟಾನ ಉಳಿಸ್ಬೇಕಾ, ಕೇಳು, ಕೊಡ್ತಾರೆ ಅಂತ ಅಕ್ಕಂಗೆ ಬುದ್ಧಿ ಹೇಳೋದೂ ಇವಳೇ. ಅಷ್ಟೊಂದು ದೊಡ್ಡೋರಿದ್ರು ಸುತ್ತ, ಒಬ್ರಿಗೂ ಹೊಳೆದಿರಲ್ಲ. ಇನ್ನೊಂದು, ಡಿಸ್ಟ್ರಿಕ್ಟ್ 13 ಮೇಲೆ ಬಾಂಬ್ ಬೀಳೋಕೆ ಮುಂಚೆ ಎಲ್ಲರೂ ಬಂಕರ್ ಒಳಗೆ ಹೋಗ್ತಿದ್ರೆ ಇವಳು ಬಟರ್‌ಕಪ್ ಬೆಕ್ಕನ್ನ ತರೋಕೆ ವಾಪಸ್ ಹೋಗಿರ್ತಾಳೆ, ಬಾಗ್ಲು ಮುಚ್ಚೋ ಹೊತ್ತಿಗೆ ಓಡಿ ಬರ್ತಾಳೆ. ಒಂದ್ಸಲ ಬಿಟ್ಟು ಬಂದಿದ್ದೆ, ಎರಡನೇ ಸಲ ಬಿಡೋಕಾಗಲ್ಲ ಅನ್ನೋ ಜೀವ ಅದು. ಅಂಥೋಳು ಮಕ್ಕಳು ಬೆಂಕೀಲಿ ಕೂಗ್ತಿದ್ರೆ ಸುಮ್ನೆ ನಿಂತು ನೋಡ್ತಾಳಾ? ಅವಳನ್ನ "ಕ್ಯಾಟ್‌ನಿಸ್ ಉಳಿಸಿದ ಮಗು" ಅಂತ ಮಾತ್ರ ನೋಡೋರಿಗೆ ಅವಳ ಸಾವು ವೇಸ್ಟ್ ಅನ್ಸತ್ತೆ. ಅಕ್ಕ ಪ್ರಾಣ ಪಣಕ್ಕಿಟ್ಟು ಉಳಿಸ್ಕೊಟ್ಟ, ಎರಡು ವರ್ಷನೂ ತುಂಬದ ಆ ಟೈಮಲ್ಲಿ ಅವಳು ಎಷ್ಟು ಜನಕ್ಕೆ ಗಾಯ ಕಟ್ಟಿದ್ಲು ಅಂತ ಯಾರೂ ಲೆಕ್ಕ ಹಾಕಲ್ಲ.

ಅದ್ರಲ್ಲಿ ಗೇಲ್ ಬೆನ್ನೂ ಇತ್ತು. ಎರಡನೇ ಪುಸ್ತಕದಲ್ಲಿ ಅವನಿಗೆ ಚಾವಟಿ ಏಟು ಬಿದ್ದು ಬೆನ್ನೆಲ್ಲ ಕಿತ್ತು ಬಂದಾಗ ಅಮ್ಮನ ಜೊತೆ ನಿಂತು ಆರೈಕೆ ಮಾಡಿದ್ದು ಪ್ರಿಮ್. ಇದು ನೆನಪಾದಾಗೆಲ್ಲ ನಂಗೆ ಗೇಲ್ ಮೇಲೆ ಸಿಟ್ಟು ಬರತ್ತೆ, ಜೊತೆಗೆ ಅಯ್ಯೋ ಅನ್ಸತ್ತೆ. ಅವನೂ ರೆಬೆಲ್‌ಗಳಿಗೆ ಆಯುಧ ಮಾಡ್ಕೊಡೋ ಬೀಟಿನೂ ಸೇರಿ ಡಿಸೈನ್ ಮಾಡಿದ್ದು ಅದೇ ಥರದ ಟ್ರ್ಯಾಪ್ ತಾನೇ, ಮೊದಲು ಒಂದು ಬಾಂಬ್, ಗಾಯ ಆದೋರನ್ನ ಎತ್ತೋಕೆ ಜನ ಓಡಿ ಬರೋವಷ್ಟು ಗ್ಯಾಪ್, ಆಮೇಲೆ ಇನ್ನೊಂದು ದೊಡ್ಡದು. ಮನುಷ್ಯರ ಅಯ್ಯೋ ಪಾಪ ಅನ್ನೋ ಗುಣನೇ ಗಾಳ. ಅದನ್ನ ಹಾಕಿದ್ದು ಬೆಳ್ಳಿ ಪ್ಯಾರಾಚೂಟ್‌ನಲ್ಲಿ, ಆಟದ ಅರೀನಾದಲ್ಲಿ ಊಟ ಔಷಧಿ ಗಿಫ್ಟ್ ಆಗಿ ಬರ್ತಿತ್ತಲ್ಲ ಅದ್ರಲ್ಲೇ, ಹಂಗಾಗಿ ಆ ಮಕ್ಕಳು ಗಿಫ್ಟ್ ಅಂತ ಕೈ ಚಾಚ್ತಾರೆ. ನನ್ನ ಫ್ರೆಂಡ್ ಒಬ್ಬಳು ಗೇಲ್ ಪರ, ಹಾಕ್ಸಿದ್ದು ರೆಬೆಲ್‌ಗಳ ನಾಯಕಿ ಕಾಯ್ನ್, ಅವನೇನು ಬಟನ್ ಒತ್ತಿದ್ನಾ ಅಂತಾಳೆ. ನಿಜ, ಒತ್ತಿಲ್ಲ, ಅದು ತನ್ನ ಬಾಂಬೇನಾ ಅಂತಾನೂ ಅವನಿಗೆ ಗೊತ್ತಾಗಲ್ಲ. ಆದ್ರೆ ಆ ಐಡಿಯಾ ಪೇಪರ್ ಮೇಲೆ ಬರ್ದಾಗ ಓಡಿ ಬರೋ ಜನಕ್ಕೆ ಮುಖ ಇರ್ಲಿಲ್ಲ ನೋಡಿ, ಆಮೇಲೆ ಮುಖ ಬಂತು, ಅದು ಪ್ರಿಮ್ ಮುಖ. ಅಲ್ಲಿ ಬೇರೆ ಯಾರೋ ಹೆಸರಿಲ್ಲದ ನರ್ಸ್ ಸತ್ತಿದ್ರೆ ನಾವು ಆ ಪೇಜ್ ತಿರುಗಿಸ್ಕೊಂಡು ಮುಂದೆ ಹೋಗ್ತಿದ್ವಿ, ಯುದ್ಧ ಗೆದ್ರು ಅಂತ ಖುಷಿನೂ ಪಡ್ತಿದ್ವಿ. ಅದಕ್ಕೇ ನಾನು ಹೇಳೋದು, ಲೇಖಕಿ ಸುಝೇನ್ ಕಾಲಿನ್ಸ್ ಬೇರೆ ದಾರಿ ಹಿಡಿದಿದ್ರೆ ಅದು ಸುಳ್ಳಾಗ್ತಿತ್ತು. ಅವರ ಅಪ್ಪ ಏರ್ ಫೋರ್ಸ್‌ನಲ್ಲಿದ್ದೋರು, ಮಗಳು ಚಿಕ್ಕೋಳಿದ್ದಾಗ ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ರು, ಆ ವರ್ಷದ ಬಗ್ಗೆ ಕಾಲಿನ್ಸ್ ಮಕ್ಕಳಿಗೆ ಅಂತ ಒಂದು ಚಿತ್ರಪುಸ್ತಕನೂ ಬರ್ದಿದಾರೆ. ಯುದ್ಧ ಮನೇಲಿ ಕೂತೋರಿಗೆ ಏನ್ ಮಾಡತ್ತೆ ಅಂತ ಆ ಹೆಂಗಸಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ.

ಕ್ಯಾಟ್‌ನಿಸ್ ಜೊತೆ ಯುದ್ಧದಲ್ಲಿದ್ದ ಫಿನಿಕ್ ಸತ್ತ ವಿಷಯದಲ್ಲಿ ಮಾತ್ರ ನಾನು ಇನ್ನೂ ಸಂಕಟ ಪಡ್ತೀನಿ. ಆನಿ ಜೊತೆ ಮದ್ವೆ ಆಗಿ ಎಷ್ಟು ದಿನ ಆಗಿತ್ತು ಪಾಪ. ಸ್ನೋನ ರಾಜಧಾನಿ ಕ್ಯಾಪಿಟಲ್ ಕೆಳಗಿನ ಚರಂಡೀಲಿ ಆ ಹಲ್ಲಿ ಥರದ ಮೃಗಗಳು ಮೇಲೆ ಬೀಳತ್ವೆ, ಏಣಿ ಹತ್ತೋಕೆ ಆಗಲ್ಲ, ಕೆಲವೇ ಸಾಲಲ್ಲಿ ಮುಗ್ದೋಗತ್ತೆ. ಅವನಿಗೆ ಒಂದು ಕೊನೇ ಮಾತೂ ಇಲ್ಲ, ಅಳೋಕೆ ಟೈಮೂ ಕೊಡಲ್ಲ, ಉಳಿದೋರು ಓಡ್ಲೇಬೇಕು. ಆಮೇಲೆ ಆನಿಗೆ ಗಂಡು ಮಗು ಆಗತ್ತೆ. ನಮ್ಮ ಉತ್ತರೆ ಕಥೆ ಕೇಳಿ ಬೆಳೆದೋರಿಗೆ ಈ ನೋವು ಹೊಸದಲ್ಲ, ಅಭಿಮನ್ಯು ಸತ್ತಾಗ ಪರೀಕ್ಷಿತ ಹೊಟ್ಟೇಲಿದ್ದ. ಅದಕ್ಕೇ ಫಿನಿಕ್ ಸಾವು ಅವಸರದಲ್ಲಿ ಬರ್ದಿದಾರೆ ಅಂತ ಬೈಯೋರ ಜೊತೆ ನಾನು ಪೂರ್ತಿ ಜಗಳ ಆಡಲ್ಲ. ಒಂದು ಪುಟ ಜಾಸ್ತಿ ಕೊಡ್ಬೋದಿತ್ತು ಅಂತ ನಂಗೂ ಅನ್ಸತ್ತೆ.

ಇಷ್ಟು ಹೇಳಿದ್ಮೇಲೆ ಮೊದಲ್ನೇ ಪುಸ್ತಕದ ಆಟದಲ್ಲಿ ಸಾಯೋ ಪುಟ್ಟ ಹುಡುಗಿ ರೂ ವಿಷಯ ಬಿಟ್ರೆ ನಂಗೆ ಸಮಾಧಾನ ಆಗಲ್ಲ. 2012ರಲ್ಲಿ ಮೊದಲ್ನೇ ಸಿನಿಮಾ ಬಂದಾಗ ರೂ ಪಾತ್ರಕ್ಕೆ ಕಪ್ಪು ಹುಡುಗಿ ಅಮಾಂಡ್ಲಾ ಸ್ಟೆನ್‌ಬರ್ಗ್ ಬಂದ್ಲು ಅಂತ ಕೆಲವು ಫ್ಯಾನ್‌ಗಳು ಟ್ವಿಟರ್‌ನಲ್ಲಿ ಗಲಾಟೆ ಮಾಡಿದ್ರು, ಇವಳು ಕಪ್ಪು ಅಂತ ಗೊತ್ತಾದ್ಮೇಲೆ ಅವಳು ಸತ್ತಿದ್ದಕ್ಕೆ ಅಷ್ಟು ಬೇಜಾರಾಗ್ಲಿಲ್ಲ ಅನ್ನೋ ಮಟ್ಟಕ್ಕೆ ಹೋದ್ರು. ಪುಸ್ತಕದಲ್ಲೇ ಅವಳ ಮೈಬಣ್ಣ ಗಾಢ ಕಂದು ಅಂತ ಸ್ಪಷ್ಟವಾಗಿ ಬರ್ದಿದೆ. 12 ವರ್ಷದ ಮಗು ಹೊಟ್ಟೆಗೆ ಈಟಿ ಹೊಡ್ಸಿಕೊಂಡು ಸಾಯತ್ತೆ, ಅದಕ್ಕೆ ಹೂವು ಮುಚ್ಚಿ ಕಳಿಸ್ತಾಳೆ ಕ್ಯಾಟ್‌ನಿಸ್, ಅದನ್ನ ಓದಿ ಅತ್ತೋರು ಬಣ್ಣ ನೋಡಿ ಕಣ್ಣೀರು ವಾಪಸ್ ತಗೊಂಡ್ರು ಅಂದ್ರೆ ಅವರು ಓದಿದ್ದಾದ್ರೂ ಏನು. ಯಾರು ಬದುಕ್ಬೇಕಿತ್ತು ಯಾರು ಸಾಯ್ಬೇಕಿತ್ತು ಅಂತ ನಾವು ಲಿಸ್ಟ್ ಮಾಡೋಕೆ ಕೂತಾಗೆಲ್ಲ ನಂಗೆ ಇದು ನೆನಪಾಗಿ ಹೊಟ್ಟೆ ಉರಿಯತ್ತೆ.

ಕೊನೇಲಿ ಕ್ಯಾಟ್‌ನಿಸ್ ಬಾಣ ಸ್ನೋ ಬಿಟ್ಟು ಕಾಯ್ನ್‌ಗೆ ಹೊಡೆಯೋದು ಸರಿನಾ ಅಂತ ಇನ್ನೊಂದು ಜಗಳ ಇದೆ, ಅದ್ರಲ್ಲಿ ನಂಗೆ ಅನುಮಾನನೇ ಇಲ್ಲ, ನೂರಕ್ಕೆ ನೂರು ಸರಿ. ಕ್ಯಾಪಿಟಲ್ ಮಕ್ಕಳನ್ನ ಹಾಕಿ ಇನ್ನೊಂದು ಆಟ ಆಡ್ಸೋಣ್ವಾ ಅಂತ ಕೇಳ್ದೋಳು ಅವಳು.

ತಂಗಿಗೆ ಅವತ್ತು ಇದ್ಯಾವುದೂ ಹೇಳ್ಲಿಲ್ಲ, ಇನ್ನೊಂದು ಸ್ವಲ್ಪ ಉಳಿದಿದೆ ಅದನ್ನ ಓದಿಬಿಡು ಪುಟ್ಟಿ ಅಂದೆ ಅಷ್ಟೇ. ಪ್ರಿಮ್ ಇಲ್ಲದ ಮನೇಗೆ ಬಟರ್‌ಕಪ್ ನಡ್ಕೊಂಡು ಬರೋದು, ಕ್ಯಾಟ್‌ನಿಸ್ ಅದರ ಮೇಲೆ ಕಿರ್ಚಾಡೋದು, ಅವಳಿಲ್ಲ ಅಂತ ಅದಕ್ಕೂ ಗೊತ್ತಾಗಿ ಅದೂ ಅಳೋದು, ರಾತ್ರಿ ಹಾಸಿಗೆ ಪಕ್ಕ ಕಾವಲು ಕೂರೋದು, ಅದೆಲ್ಲ ಬಾಕಿ ಇತ್ತು. ನಿನ್ನೆ ಸಂಜೆ ಅವಳ ಮೆಸೇಜ್ ಬಂತು. "ಅಕ್ಕಾ, ಬೆಕ್ಕು ವಾಪಸ್ ಬಂತು."