11 ನಿಮಿಷದ ಆಟಕ್ಕೆ 2 ವಾರದ ತುತ್ತೂರಿ

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಎರಡು ಬಣಗಳ (ಕಾನ್ಫರೆನ್ಸ್) ಫೈನಲ್ ಮುಗಿದು, ಗೆದ್ದವರಿಬ್ಬರು ಆಡುವ ಕೊನೆಯ ಪಂದ್ಯವಾದ ಸೂಪರ್ ಬೌಲ್‌ಗೆ ಯಾರ್‍ಯಾರು ಅಂತ ಗೊತ್ತಾದ ಮೇಲೆ ಎರಡು ವಾರ ಬಿಡುವು. ಆಟಗಾರರು ಮೈಕೈ ನೋವು ಸುಧಾರಿಸಿಕೊಳ್ಳಲಿ ಅಂತ ಕೊಟ್ಟಿದ್ದಾರೆ ಎಂದುಕೊಂಡರೆ ನೀವು ಬಹಳ ಒಳ್ಳೆಯವರು. ಅದು ಟಿವಿಯವರಿಗೆ ಬಾಯಿ ಬಡಿದುಕೊಳ್ಳಲು ಸಿಕ್ಕ ಕಾಲಾವಕಾಶ. ಚೆಂಡೆಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಹಿಮ್ಮಡಿ ಸ್ವಲ್ಪ ಉಳುಕಿದರೆ ಸಾಕು, ನಾಲ್ಕು ಜನ ಮಾಜಿ ಆಟಗಾರರು ಕೋಟು ತೊಟ್ಟು ಕೂತು ಅದರ ಜಾತಕ ಬರೆಯುತ್ತಾರೆ. ಆ ಹಿಮ್ಮಡಿಯೇ ಎದ್ದು ಬಂದು ‘ನಾನು ಆರಾಮಾಗಿದ್ದೀನಿ ಸ್ವಾಮಿ’ ಎಂದರೂ ಚರ್ಚೆ ನಿಲ್ಲದು.

ಆಮೇಲೆ ಮಾಧ್ಯಮದವರ ಜಾತ್ರೆ. 2008ರಲ್ಲಿ ವರದಿಗಾರ್ತಿಯೊಬ್ಬರು ಮದುವೆ ಗೌನಿನಲ್ಲೇ ಬಂದು ಪೇಟ್ರಿಯಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಗೆ ‘ನನ್ನನ್ನು ಮದುವೆಯಾಗು’ ಎಂದರು. 2015ರಲ್ಲಿ ಸೀಹಾಕ್ಸ್ ತಂಡದ ಮಾರ್ಷಾನ್ ಲಿಂಚ್ ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಕೊಟ್ಟ: ದಂಡ ಬೀಳಬಾರದು ಅಂತ ಬಂದಿದ್ದೀನಿ, ಅಷ್ಟೇ. ನಾನು ಇಷ್ಟು ವರ್ಷದಲ್ಲಿ ಕೇಳಿದ ಅತ್ಯಂತ ಪ್ರಾಮಾಣಿಕ ವಿಶ್ಲೇಷಣೆ ಅದೇ.

ಗಡಿಯಾರದಲ್ಲಿ ಆಟ 60 ನಿಮಿಷ, ಟಿವಿಯಲ್ಲಿ ಮೂರೂವರೆ ತಾಸು. ಇದರಲ್ಲಿ ಚೆಂಡು ಆಟದಲ್ಲಿರುವುದೆಷ್ಟು? ವಾಲ್ ಸ್ಟ್ರೀಟ್ ಜರ್ನಲ್ 2010ರಲ್ಲಿ ಕೆಲವು ಎನ್‌ಎಫ್‌ಎಲ್ ಪಂದ್ಯಗಳನ್ನು ಅಳೆದು ನೋಡಿದಾಗ ಸಿಕ್ಕಿದ್ದು ಸುಮಾರು 11 ನಿಮಿಷ. ಮಿಕ್ಕಿದ್ದೆಲ್ಲ ಗುಂಪುಗೂಡುವುದು, ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದು, ರೀಪ್ಲೇ, ಜಾಹೀರಾತು. 2025ರಲ್ಲಿ 30 ಸೆಕೆಂಡಿನ ಜಾಹೀರಾತಿಗೆ 80 ಲಕ್ಷ ಡಾಲರ್‌ವರೆಗೂ ಬೆಲೆ ಏರಿತ್ತು. ಸಾಲದ್ದಕ್ಕೆ ಆ ಜಾಹೀರಾತಿಗೂ ವಾರ ಮುಂಚೆ ಟೀಸರ್! ಮಧ್ಯಂತರವಂತೂ ಮಾಮೂಲಿಯ ಎರಡು ಪಟ್ಟು. ಹುಲ್ಲಿನ ಮೇಲೆ ವೇದಿಕೆ ತಳ್ಳಿಕೊಂಡು ಬಂದು, ಕುಣಿದು, ಪಟಾಕಿ ಹೊಡೆದು, ಮತ್ತೆ ತಳ್ಳಿಕೊಂಡು ಹೋಗಬೇಕಲ್ಲ. ಬೆವರಿದ್ದ ಆಟಗಾರರು ಅಷ್ಟರಲ್ಲಿ ತಣ್ಣಗಾಗಿರುತ್ತಾರೆ. ಮೂಗಿಗಿಂತ ಮೂಗುತಿ ಭಾರ.

ಇಷ್ಟೆಲ್ಲ ಹೊತ್ತು ಕಾದವರಿಗೆ 2014ರಲ್ಲಿ ಸಿಕ್ಕಿದ್ದೇನು? ಮೊದಲ ಸ್ನ್ಯಾಪೇ (ಆಟ ಶುರುಮಾಡಲು ಹಿಂದಕ್ಕೆ ಕೊಡುವ ಚೆಂಡು) ಬ್ರಾಂಕೋಸ್ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ತಲೆ ದಾಟಿ ಹಾರಿತು, 12 ಸೆಕೆಂಡಿನಲ್ಲಿ ಎದುರಾಳಿಗೆ ಎರಡು ಅಂಕ ಕೊಡುವ ಸೇಫ್ಟಿ, ಕೊನೆಗೆ ಸೀಹಾಕ್ಸ್ 43, ಬ್ರಾಂಕೋಸ್ 8. ‘ಶತಮಾನದ ಸಮರ’ ಎಂದವರು ಮರುದಿನವೂ ಅದೇ ಕೋಟಿನಲ್ಲಿ ಕೂತಿದ್ದರು. 2019ರಲ್ಲಿ 13-3. ಅದರಲ್ಲಿ ಚೆಂಡನ್ನು ಎದುರಾಳಿಯ ಅಂಕಣದ ಕೊನೆಗೆ ಒಯ್ದು ಗಳಿಸುವ ಟಚ್‌ಡೌನ್ ಒಂದೇ ಒಂದು. 2013ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಕರೆಂಟು ಹೋಗಿ ಆಟ 34 ನಿಮಿಷ ನಿಂತಿತು. ಕಾಮೆಂಟರಿಯವರ ಮೈಕೂ ಬಂದ್. ಅಷ್ಟು ಹೊತ್ತು ಸುಖ ಯಾವ ಸೂಪರ್ ಬೌಲಿನಲ್ಲೂ ಸಿಕ್ಕಿಲ್ಲ.

1967ರ ಮೊದಲ ಪಂದ್ಯಕ್ಕೆ ಲಾಸ್ ಏಂಜಲೀಸ್ ಕ್ರೀಡಾಂಗಣದಲ್ಲಿ ಸೀಟುಗಳು ಖಾಲಿ ಉಳಿದಿದ್ದವು. ಎರಡೆರಡು ಚಾನೆಲ್ ಪ್ರಸಾರ ಮಾಡಿದರೂ ಪೂರ್ತಿ ಟೇಪನ್ನು ಯಾರೂ ಜೋಪಾನ ಮಾಡಲಿಲ್ಲ. ಎಂಥ ವಿವೇಕಿಗಳು!

ಈಗ ಟಾಸ್ ಮೇಲೂ ಬಾಜಿ, ಗೆದ್ದ ಕೋಚ್ ತಲೆಗೆ ಸುರಿಯುವ ಗೇಟರೇಡ್ ಪಾನೀಯ ಯಾವ ಬಣ್ಣದ್ದು ಎಂಬುದರ ಮೇಲೂ ಬಾಜಿ. ಕಳೆದ ಸಲ ನನ್ನ ಪಕ್ಕ ಕೂತಿದ್ದವನಿಗೆ ಗೆದ್ದವರ್‍ಯಾರು ಅಂತ ಕೇಳಿದೆ. ‘ಹಳದಿ ಬರುತ್ತೆ ಅಂದುಕೊಂಡಿದ್ದೆ ಗುರೂ’ ಅಂದ.