ಆಟಗಾರ ಹೊರಟರೆ ದಂಡ ಯಾರು ಕಟ್ಟಬೇಕು?

2017ರಲ್ಲಿ ಮೈಕ್ ಮೂಸ್ಟಾಕಸ್ ಅಮೆರಿಕದ ಬೇಸ್‌ಬಾಲ್ ತಂಡ ಕಾನ್ಸಾಸ್ ಸಿಟಿ ರಾಯಲ್ಸ್ ಪರ 38 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಹಾಗೆ ಚೆಂಡನ್ನು ಮೈದಾನದಾಚೆ ಹೊಡೆಯುವುದು) ಹೊಡೆದ. ಆ ತಂಡದ ಇತಿಹಾಸದಲ್ಲಿ ಒಂದೇ ಸೀಸನ್‌ನಲ್ಲಿ ಅಷ್ಟು ಯಾರೂ ಹೊಡೆದಿರಲಿಲ್ಲ. ಸೀಸನ್ ಮುಗಿದಾಗ ಅವನ ಒಪ್ಪಂದವೂ ಮುಗಿಯಿತು. ಇನ್ನೊಂದು ವರ್ಷ ಇರು, 1.74 ಕೋಟಿ ಡಾಲರ್ ಕೊಡ್ತೀವಿ ಅಂತ ತಂಡ ಹೇಳಿತು. ಹೊರಗೆ ಹೋದರೆ ಹಲವು ವರ್ಷದ ಒಪ್ಪಂದ ಸಿಗುತ್ತದೆ ಅನ್ನುವ ನಂಬಿಕೆಯಿಂದ ಅವನು ಬೇಡ ಅಂದ. ಚಳಿಗಾಲ ಪೂರ್ತಿ ಕಾದ. ಕೊನೆಗೆ 2018ರ ಮಾರ್ಚ್‌ನಲ್ಲಿ ಅದೇ ರಾಯಲ್ಸ್‌ಗೆ, ಒಂದೇ ವರ್ಷಕ್ಕೆ, 65 ಲಕ್ಷ ಡಾಲರ್‌ಗೆ ಸಹಿ ಹಾಕಿದ.

ಆ ವರ್ಷ ಮಾರುಕಟ್ಟೆಯೇ ಮಂದವಾಗಿತ್ತು, ನಿಜ. ಆದರೆ ಅವನ ಹೆಸರಿನ ಜೊತೆ ಒಂದು ದಂಡವೂ ಅಂಟಿಕೊಂಡಿತ್ತು. ಅವನನ್ನು ಕೊಳ್ಳುವ ಬೇರೆ ಯಾವ ತಂಡವಾದರೂ ಮುಂದಿನ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಒಬ್ಬ ಹುಡುಗನನ್ನು ಆರಿಸುವ ಅವಕಾಶ ಕಳೆದುಕೊಳ್ಳಬೇಕಿತ್ತು. ಹಳೆಯ ತಂಡಕ್ಕೆ ಮಾತ್ರ ಆ ದಂಡ ಇರಲಿಲ್ಲ. ಈ ನಿಯಮ ಅನ್ಯಾಯ ಅಂತ ನನಗೆ ಬಹಳ ದಿನದಿಂದ ಅನ್ನಿಸಿದೆ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಹಿನ್ನೆಲೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಬಹಳ ಕಾಲ ಆಟಗಾರ ಒಮ್ಮೆ ಸಹಿ ಹಾಕಿದರೆ ಮುಗಿಯಿತು. ಕ್ಲಬ್ಬು ಬಿಡುವವರೆಗೆ ಅವನು ಅದರವನೇ. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಕರ್ಟ್ ಫ್ಲಡ್‌ನನ್ನು ಫಿಲಡೆಲ್ಫಿಯಾಗೆ ಕೊಟ್ಟುಬಿಟ್ಟಿತು. ಅವನನ್ನು ಒಂದು ಮಾತೂ ಕೇಳಲಿಲ್ಲ. 12 ಸೀಸನ್ ಆಡಿದ ಮೇಲೂ ನನ್ನನ್ನು ಸಾಮಾನಿನ ಹಾಗೆ ಕೊಡೋದು ತಗೊಳ್ಳೋದು ಸರಿಯಲ್ಲ ಅಂತ ಅವನು ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ 5-3ರಿಂದ ಸೋತ. ಅವನ ಆಟದ ಬದುಕು ಅದಕ್ಕೂ ಮೊದಲೇ, 1971ರಲ್ಲಿ, ಮುಗಿದಿತ್ತು. ಮೂರು ವರ್ಷದ ನಂತರ, 1975ರ ಡಿಸೆಂಬರ್‌ನಲ್ಲಿ, ಆಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಅವರ ಪ್ರಕರಣದಲ್ಲಿ ಪಂಚಾಯ್ತಿದಾರ ಪೀಟರ್ ಸೈಟ್ಸ್ ಆಟಗಾರರ ಪರ ತೀರ್ಪು ಕೊಟ್ಟರು. ಅದರ ಬೆನ್ನಿಗೇ ಬಂದ ಒಪ್ಪಂದದಲ್ಲಿ ಮೇಜರ್ ಲೀಗಿನಲ್ಲಿ (ಅತಿ ಮೇಲಿನ ಲೀಗಿನಲ್ಲಿ) ಪೂರ್ತಿ 6 ವರ್ಷ ಆಡಿದವನು ಫ್ರೀ ಏಜೆಂಟ್, ಅಂದರೆ ತನಗೆ ಬೇಕಾದ ತಂಡ ಸೇರುವ ಸ್ವಾತಂತ್ರ್ಯ ಇರುವವನು, ಆಗಬಹುದು ಅಂತಾಯಿತು. ಈಗಲೂ ಲೆಕ್ಕ ಅದೇ.

ಮಾಲೀಕರು ಸುಮ್ಮನಿರಲಿಲ್ಲ. ಆಟಗಾರ ಹೋದರೆ ನಮಗೇನು ಕೊಡ್ತೀರಿ ಅಂತ ಕೇಳಿದರು. ಅವನನ್ನು ಕೊಂಡ ತಂಡ ತನ್ನ ಒಬ್ಬ ಆಟಗಾರನನ್ನೇ ಬದಲಿಗೆ ಕೊಡಬೇಕು ಅನ್ನುವುದು ಅವರ ಬೇಡಿಕೆ. ಮಾರ್ವಿನ್ ಮಿಲ್ಲರ್ ಮುಂದಾಳತ್ವದ ಆಟಗಾರರ ಯೂನಿಯನ್ ಒಪ್ಪಲಿಲ್ಲ. 1981ರಲ್ಲಿ ಸೀಸನ್ ನಡುವೆಯೇ ಮುಷ್ಕರವಾಯಿತು. 713 ಪಂದ್ಯ ರದ್ದಾದವು. ಈ ಒಂದು ವಿಷಯಕ್ಕೆ ಅಷ್ಟು ದೊಡ್ಡ ಜಗಳ!

ಮುಷ್ಕರದ ಕೊನೆಗೆ ಒಂದು ವಿಚಿತ್ರ ರಾಜಿ ಆಯಿತು. ತಂಡಗಳು ತಮಗೆ ಬೇಕೇ ಬೇಕಾದ ಆಟಗಾರರ ಪಟ್ಟಿ ಕೊಡಬೇಕು. ಉಳಿದವರೆಲ್ಲ ಒಂದು ಸಾಮಾನ್ಯ ಗುಂಪಿಗೆ. ದೊಡ್ಡ ಆಟಗಾರನನ್ನು ಕಳೆದುಕೊಂಡ ತಂಡ ಆ ಗುಂಪಿನಿಂದ ಒಬ್ಬನನ್ನು ಎತ್ತಿಕೊಳ್ಳಬಹುದು. ಪಿಚರ್ (ಚೆಂಡು ಎಸೆಯುವ ಆಟಗಾರ) ಟಾಮ್ ಸೀವರ್ ಕೈತಪ್ಪಿದ್ದು ಹೀಗೇ. ನ್ಯೂಯಾರ್ಕ್ ಮೆಟ್ಸ್ ಅಂದರೆ ಸೀವರ್ ಅನ್ನುವ ಕಾಲವಿತ್ತು. ವರ್ಷಗಟ್ಟಲೆ ಹೊರಗಿದ್ದು 1983ರಲ್ಲಿ ಅದೇ ತಂಡಕ್ಕೆ ಮರಳಿದ್ದರು. 39 ವರ್ಷದ ಪಿಚರನ್ನು ಯಾರು ಕೇಳ್ತಾರೆ ಅಂತ ಮೆಟ್ಸ್ ಅವರ ಹೆಸರನ್ನು ಪಟ್ಟಿಯಲ್ಲಿ ಹಾಕಲಿಲ್ಲ. 1984ರ ಜನವರಿಯಲ್ಲಿ ಶಿಕಾಗೊ ವೈಟ್ ಸಾಕ್ಸ್ ಎತ್ತಿಕೊಂಡಿತು. ಆ ವರ್ಷ ಅವರು 15 ಪಂದ್ಯ ಗೆದ್ದರು. ಮರುವರ್ಷ ತಮ್ಮ 300ನೇ ಗೆಲುವನ್ನು ನ್ಯೂಯಾರ್ಕಿನಲ್ಲೇ ಪಡೆದರು, ಆದರೆ ಮೈದಾನ ಯಾಂಕಿ ಸ್ಟೇಡಿಯಂ, ಮೈಮೇಲಿದ್ದದ್ದು ಶಿಕಾಗೊದ ಜೆರ್ಸಿ. ಇಷ್ಟಕ್ಕೂ ವೈಟ್ ಸಾಕ್ಸ್ ಕಳೆದುಕೊಂಡಿದ್ದು ಡೆನಿಸ್ ಲ್ಯಾಂಪ್ ಎಂಬ ಪಿಚರನ್ನು. ಅವನನ್ನು ಕೊಂಡಿದ್ದು ಟೊರಾಂಟೊ. ಆ ವ್ಯವಹಾರದಲ್ಲಿ ಮೆಟ್ಸ್ ಎಲ್ಲೂ ಇರಲೇ ಇಲ್ಲ. ಈ ಪದ್ಧತಿ ಮರುವರ್ಷವೇ ನಿಂತಿತು, ನಿಲ್ಲಲೇಬೇಕಿತ್ತು.

ಆಮೇಲೆ ಪರಿಹಾರ ಪೂರ್ತಿ ಡ್ರಾಫ್ಟ್ ಪಿಕ್‌ಗಳ (ಡ್ರಾಫ್ಟಿನಲ್ಲಿ ಆರಿಸುವ ಸರದಿಗಳ) ರೂಪಕ್ಕೆ ಬಂತು. ಇದರಿಂದ ಸಣ್ಣ ಊರಿನ ಬಡ ತಂಡಗಳಿಗೆ ಅನುಕೂಲ ಅಂತ ಹೇಳುವವರಿದ್ದಾರೆ. ಆ ಕಾಳಜಿ ನನಗೂ ಇದೆ. ಆದರೆ 2009ರಲ್ಲಿ ಏನಾಯಿತು ನೋಡಿ. ಮಾರ್ಕ್ ಟಿಶೇರಾ ಏಂಜಲ್ಸ್ ಬಿಟ್ಟು ಯಾಂಕೀಸ್‌ಗೆ ಹೋದ. ಬದಲಿಗೆ ಯಾಂಕೀಸ್‌ನ ಪಿಕ್ ಏಂಜಲ್ಸ್‌ಗೆ ಸಿಕ್ಕಿತು. ಆ 25ನೇ ಪಿಕ್‌ನಲ್ಲಿ ಅವರು ಆರಿಸಿದ್ದು ಮೈಕ್ ಟ್ರೌಟ್‌ನನ್ನು, ಈ ಪೀಳಿಗೆಯ ಅತಿ ದೊಡ್ಡ ಆಟಗಾರರಲ್ಲಿ ಒಬ್ಬನನ್ನು. ಏಂಜಲ್ಸ್ ಬಡ ತಂಡವೇ? ಲಾಸ್ ಏಂಜಲೀಸ್ ಪಕ್ಕದಲ್ಲೇ ಇರುವ ತಂಡ ಅದು.

2012ರಿಂದ ಬಂದದ್ದು ಕ್ವಾಲಿಫೈಯಿಂಗ್ ಆಫರ್. ಲೀಗಿನಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ 125 ಜನರ ಸರಾಸರಿ ತೆಗೆದು ಅಷ್ಟು ಹಣಕ್ಕೆ ಒಂದು ವರ್ಷದ ಒಪ್ಪಂದ ಮುಂದಿಡುವುದು. ಮೊದಲ ವರ್ಷ ಅದು 1.33 ಕೋಟಿ ಡಾಲರ್ ಇತ್ತು. 2025ರ ಕೊನೆಗೆ 2.2 ಕೋಟಿ ದಾಟಿತು. ಆಟಗಾರ ಒಪ್ಪಿದರೆ ಉಳಿಯುತ್ತಾನೆ. ಬೇಡ ಅಂದು ಬೇರೆಡೆ ಹೋದರೆ ಹಳೆಯ ತಂಡಕ್ಕೆ ಒಂದು ಹೆಚ್ಚುವರಿ ಪಿಕ್, ಹೊಸ ತಂಡಕ್ಕೆ ನಷ್ಟ.

ಹೊಸ ತಂಡದ ನಷ್ಟ ಎಷ್ಟು ಅನ್ನುವುದು ಅದರ ಸ್ಥಿತಿಯ ಮೇಲೆ ಹೋಗುತ್ತದೆ. ಸಂಬಳದ ಮಿತಿ ದಾಟಿ ತೆರಿಗೆ ಕಟ್ಟುವ ತಂಡವಾದರೆ ತನ್ನ ಎರಡನೇ ಮತ್ತು ಐದನೇ ಒಳ್ಳೆಯ ಪಿಕ್ ಹೋಗುತ್ತವೆ. ಜೊತೆಗೆ ಹೊರದೇಶದ ಹುಡುಗರಿಗೆ ಬೋನಸ್ ಕೊಡಲು ಇಟ್ಟ ಹಣದಲ್ಲಿ 10 ಲಕ್ಷ ಡಾಲರ್ ಕಡಿತ. ಆದಾಯ ಹಂಚಿಕೆಯಲ್ಲಿ ಪಾಲು ಪಡೆಯುವ ಸಣ್ಣ ತಂಡಕ್ಕೆ ಮೂರನೇ ಪಿಕ್ ಮಾತ್ರ ಹೋಗುತ್ತದೆ. ನಡುವಿನವರಿಗೆ ಎರಡನೇ ಪಿಕ್ ಮತ್ತು 5 ಲಕ್ಷ. ಆ ಬೋನಸ್ ಹಣ ಯಾರಿಗೆ ಹೋಗಬೇಕಿತ್ತು ಯೋಚಿಸಿ. ಬಹುಪಾಲು ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾದ ಹದಿನಾರು ಹದಿನೇಳರ ಹುಡುಗರಿಗೆ. ಅಮೆರಿಕದಲ್ಲಿ ಒಬ್ಬ ದೊಡ್ಡ ಆಟಗಾರ ತಂಡ ಬದಲಿಸಿದ್ದಕ್ಕೆ ಅವರ ಪಾಲು ಯಾಕೆ ಕಡಿಮೆಯಾಗಬೇಕು?

ಒಂದು ಗ್ಯಾರೇಜಿನ ಮೆಕ್ಯಾನಿಕ್ ಇನ್ನೊಂದು ಗ್ಯಾರೇಜಿಗೆ ಸೇರಿದರೆ ಹೊಸ ಮಾಲೀಕ ದಂಡ ಕಟ್ಟಬೇಕು ಅಂದರೆ, ಅವನು ಆ ದಂಡವನ್ನು ಮೆಕ್ಯಾನಿಕ್ಕಿನ ಸಂಬಳದಲ್ಲೇ ಹಿಡಿಯುತ್ತಾನೆ, ಅಲ್ವಾ? ಇಲ್ಲೂ ಅದೇ ಆಗುತ್ತಿದೆ. ಅತಿ ದೊಡ್ಡ ತಾರೆಗಳಿಗೆ ಇದು ತಟ್ಟುವುದಿಲ್ಲ. ಪೆಟ್ಟು ಬೀಳುವುದು ಅವರಿಗಿಂತ ಒಂದು ಮೆಟ್ಟಿಲು ಕೆಳಗಿರುವವರಿಗೆ. 2014ರಲ್ಲಿ ಸ್ಟೀಫನ್ ಡ್ರೂ ಮೇ ತಿಂಗಳವರೆಗೆ, ಕೆಂಡ್ರಿಸ್ ಮೊರಾಲೆಸ್ ಜೂನ್‌ವರೆಗೆ ಮನೆಯಲ್ಲಿ ಕೂತರು. 2019ರಲ್ಲಿ ಕ್ರೇಗ್ ಕಿಂಬ್ರೆಲ್ ಮತ್ತು ಡಲ್ಲಸ್ ಕೈಕಲ್ ಕೂಡ ಜೂನ್‌ವರೆಗೆ ಕಾದರು. ಡ್ರಾಫ್ಟ್ ಶುರುವಾದ ಮೇಲೆ ದಂಡ ಇಲ್ಲವಾಗುತ್ತದೆ. ಅದಾದ ಕೂಡಲೇ ಇಬ್ಬರಿಗೂ ತಂಡ ಸಿಕ್ಕಿತು. ಅಡ್ಡಿಯಾಗಿದ್ದು ಏನು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಬೇಕಿಲ್ಲ.

ಈ ಲೀಗಿನಲ್ಲೇ ಇದಕ್ಕಿಂತ ಒಳ್ಳೆಯ ಪದ್ಧತಿಯೊಂದು ಇದೆ. ಅದು ರೂಲ್ ಫೈವ್ ಡ್ರಾಫ್ಟ್. ಇದರ ಬಗ್ಗೆ ಜನ ಮಾತಾಡುವುದೇ ಕಡಿಮೆ. ನನಗಂತೂ ವರ್ಷದಲ್ಲಿ ತುಂಬಾ ಇಷ್ಟದ ದಿನ ಅದು.

ಪ್ರತಿ ತಂಡಕ್ಕೆ 40 ಜನರ ಒಂದು ಮುಖ್ಯ ಪಟ್ಟಿ ಇರುತ್ತದೆ. 18 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಸಹಿ ಹಾಕಿದ ಹುಡುಗ 5 ಸೀಸನ್ ಆದರೂ, 19 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನಲ್ಲಿ ಸಹಿ ಹಾಕಿದವನು 4 ಸೀಸನ್ ಆದರೂ ಆ ಪಟ್ಟಿಗೆ ಬಂದಿಲ್ಲ ಅಂದರೆ ಡಿಸೆಂಬರ್‌ನಲ್ಲಿ ಬೇರೆ ತಂಡ ಅವನನ್ನು ಎತ್ತಿಕೊಳ್ಳಬಹುದು. ಹಳೆಯ ತಂಡಕ್ಕೆ 1 ಲಕ್ಷ ಡಾಲರ್ ಕೊಟ್ಟರೆ ಸಾಕು. ಆದರೆ ಹುಡುಗನನ್ನು ಮುಂದಿನ ಸೀಸನ್ ಪೂರ್ತಿ ಮೇಜರ್ ಲೀಗ್ ತಂಡದಲ್ಲೇ ಇಟ್ಟುಕೊಳ್ಳಬೇಕು. ಆಗದಿದ್ದರೆ, ನಡುವೆ ಬೇರೆ ಯಾರೂ ಅವನನ್ನು ತೆಗೆದುಕೊಳ್ಳದಿದ್ದರೆ, 50 ಸಾವಿರಕ್ಕೆ ವಾಪಸ್ ಕೊಡ್ತೀವಿ ಅನ್ನಬೇಕು. ಅದೇ ದಿನ ಮೈನರ್ ಲೀಗ್ (ಮೇಜರ್ ಲೀಗಿಗಿಂತ ಕೆಳಗಿನ ಲೀಗುಗಳ) ಹಂತವೂ ಇರುತ್ತದೆ. ಅಲ್ಲಿ ಬೆಲೆ 24 ಸಾವಿರ ಡಾಲರ್, ವಾಪಸ್ ಕೊಡುವ ಷರತ್ತಿಲ್ಲ.

ಇಲ್ಲೂ ಹಳೆಯ ತಂಡಕ್ಕೆ ಪರಿಹಾರ ಸಿಗುತ್ತದೆ. ಆದರೆ ಅದು ಸಣ್ಣದು, ಮೊದಲೇ ಗೊತ್ತಿರುವುದು. ಹುಡುಗನ ದಾರಿಗೆ ಅಡ್ಡ ಬರುವುದಿಲ್ಲ. ಅವನ ಬದುಕಂತೂ ಒಂದೇ ಬೆಳಗ್ಗೆ ಬದಲಾಗುತ್ತದೆ. ಮೈನರ್ ಲೀಗ್ ಆಟಗಾರರು 2022ರಲ್ಲಿ ಯೂನಿಯನ್ ಸೇರಿದ ಮೇಲೆ, 2023ರ ಒಪ್ಪಂದದಲ್ಲಿ ಅತಿ ಮೇಲಿನ ಟ್ರಿಪಲ್ ಎ ಮಟ್ಟದ ಕನಿಷ್ಠ ಸಂಬಳ ವರ್ಷಕ್ಕೆ 17,500ರಿಂದ 35,800 ಡಾಲರ್‌ಗೆ ಏರಿತು. ಅದೇ ವರ್ಷ ಮೇಜರ್ ಲೀಗಿನ ಕನಿಷ್ಠ ಸಂಬಳ 7.2 ಲಕ್ಷ ಡಾಲರ್!

ಈ ಬಾಗಿಲಿನಿಂದ ಬಂದವರು ಯಾರು ಯಾರು ಅಂತ ನೋಡಿದರೆ ಖುಷಿಯಾಗುತ್ತದೆ. 1954ರಲ್ಲಿ ಪಿಟ್ಸ್‌ಬರ್ಗ್ ಹೀಗೇ ಡಾಡ್ಜರ್ಸ್ ಕೈಯಿಂದ ರಾಬರ್ಟೊ ಕ್ಲೆಮೆಂಟೆಯನ್ನು 4,000 ಡಾಲರ್‌ಗೆ ಪಡೆಯಿತು. ಅವರು ಅಲ್ಲೇ 3,000 ಹಿಟ್ ಮುಟ್ಟಿದರು. 1999ರಲ್ಲಿ ಆಯ್ಕೆಯಾದ ಯೋಹಾನ್ ಸಂಟಾನಾ ವರ್ಷದ ಅತ್ಯುತ್ತಮ ಪಿಚರಿಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಎರಡು ಸಲ ಪಡೆದ. ಇತ್ತೀಚಿನದು ಬೇಕಾದರೆ ಶೇನ್ ಸ್ಮಿತ್. 2024ರ ಡಿಸೆಂಬರ್‌ನಲ್ಲಿ ವೈಟ್ ಸಾಕ್ಸ್ ಮೊದಲ ಪಿಕ್‌ನಲ್ಲಿ ಮಿಲ್ವಾಕಿಯಿಂದ ಎತ್ತಿಕೊಂಡಿತು. 2025ರ ಜುಲೈಗೆ ಅವನು ಆ ವರ್ಷದ ಅತ್ಯುತ್ತಮ ಆಟಗಾರರ ಆಲ್ ಸ್ಟಾರ್ ತಂಡದಲ್ಲಿದ್ದ. 2025ರ ಸೀಸನ್ ಶುರುವಾಗುವ ಮುಂಚೆ ಮೇಜರ್ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ.

2022ರಲ್ಲಿ ಕ್ವಾಲಿಫೈಯಿಂಗ್ ಆಫರ್ ತೆಗೆಯುತ್ತೇವೆ ಅಂತ ಮಾಲೀಕರೇ ಹೇಳಿದ್ದರು. ಆದರೆ ಬದಲಿಗೆ ಹೊರದೇಶದ ಹುಡುಗರಿಗೂ ಡ್ರಾಫ್ಟ್ ತರಬೇಕು ಅನ್ನುವ ಷರತ್ತು ಇಟ್ಟರು. ಯೂನಿಯನ್ ಒಪ್ಪಲಿಲ್ಲ. ಯೂನಿಯನ್ ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ. ದೊಡ್ಡವರ ಬಿಡುಗಡೆಗೆ ತಂಡ ಆರಿಸುವ ಹುಡುಗರ ಹಕ್ಕನ್ನು ಬೆಲೆಯಾಗಿ ಕೊಡಬಾರದು.

ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಆಟಗಾರನನ್ನು ಕಳೆದುಕೊಂಡ ಸಣ್ಣ ತಂಡಕ್ಕೆ ಹೆಚ್ಚುವರಿ ಪಿಕ್ ಕೊಡಿ, ನನ್ನ ತಕರಾರಿಲ್ಲ. ಅದನ್ನು ಲೀಗೇ ಕೊಡಲಿ. ಕೊಂಡ ತಂಡದಿಂದ ಪಿಕ್ಕನ್ನೂ ಬೋನಸ್ ಹಣವನ್ನೂ ಕೀಳುವುದು ನಿಲ್ಲಲಿ. ಇನ್ನು ರೂಲ್ ಫೈವ್ ಕಾಯುವಿಕೆ 5 ಮತ್ತು 4 ಸೀಸನ್ ಇರುವುದನ್ನು 4 ಮತ್ತು 3ಕ್ಕೆ ಇಳಿಸಲಿ. 2006ರ ಒಪ್ಪಂದದಲ್ಲಿ ಒಂದು ವರ್ಷ ಜಾಸ್ತಿ ಮಾಡುವ ಮೊದಲು ಅದು ಹಾಗೆಯೇ ಇತ್ತು.